ಖಾಲಿ ಡಬರಿ

ತಿಕೋಟಾ
ಮಾರ್ಚ್ ೧೯೭೮

ಶಿವಯೋಗೆಪ್ಪ ಅಣ್ಣಾವರಿಗೆ ಅಬೇದಾ ಮಾಡುವ ಸಲಾಮು.

ಮೊನ್ನೆ ಅಮ್ಮಿಗೆ ಮಣ್ಣು ಕೊಟ್ಟೆವು. ಪುಣೆಯ ನಮ್ಮ ಕಂಪ್ಯೂಟರ್ ಕೇಂದ್ರಕ್ಕೆ ನಾನು ಮರಳುವುದು ತಡವಾಗುತ್ತದೆ.

ಪಕ್ಕದ ಮನೆಯ ಶಂಕ್ರೆವ್ವ ರೊಟ್ಟಿಗೆಂದು ಒಂದು ಡಬರಿ ಪಾತ್ರೆ ತುಂಬ ಜುಣಕ ಕಳಿಸಿದ್ದಳು. ಅಮ್ಮಿ ಯಾರ ಡಬರಿಯನ್ನೂ ಖಾಲಿ ಮರಳಿಸಿದವಳಲ್ಲ. ನಾನೂ ತೊಳೆದು, ಬೆಲ್ಲದ ಹೆಂಟೆ ಹಾಕಿ ಒಯ್ದೆ. "ಸತ್ತ ಮನಿಯಿಂದ ಖಾಲೀನ ಬರಬೇಕ ಯವ್ವಾ, ಏನೂ ಹಾಕಬ್ಯಾಡ" ಎಂದು ಬೆಲ್ಲವನ್ನು ನನ್ನ ಕೈಗೇ ಕೊಟ್ಟಳು.

ಆಗ ನಮ್ಮ ಕೆಲಸ ನೆನಪಾಯಿತು. ಬೇರೆ ಊರಿನ ಕೇಂದ್ರಗಳಿಗೂ ನಾವು ಹಂಚುವ ಪ್ರೋಗ್ರಾಮಿನಲ್ಲಿ ನಾನು ಬರೆದ ಭಾಗ ಮೆಮೊರಿಯಲ್ಲಿ ಜಾಗ ಕೇಳಿ ಪಡೆಯುತ್ತದೆ, ಕೆಲಸ ಮುಗಿದ ಮೇಲೆ ಮರಳಿಸುತ್ತದೆ. ಆದರೆ ಒರೆಸಿ ಕೊಡುವುದಿಲ್ಲ. ಪರೀಕ್ಷೆಗೆಂದು ಅದರಲ್ಲಿ ಅಮ್ಮಿಯ ಹೆಸರು ಹಾಕಿದ್ದೆ, ಅದು ಹಾಗೇ ಉಳಿದಿದೆ. ಆ ಜಾಗ ಮುಂದೆ ಯಾರಿಗೆ ಸಿಗುತ್ತದೋ ಅವರ ಲೆಕ್ಕದ ನಡುವೆ 'ಸಕೀನಾ' ಎಂದು ಅಚ್ಚಾಗಬಹುದು.

ಆ ಪ್ರೋಗ್ರಾಮಿನ ಟೇಪು ಮುಂದಿನ ವಾರ ಬೇರೆ ಕೇಂದ್ರಗಳಿಗೆ ಹೊರಡುತ್ತದೆ. ಜಾಗ ಮರಳಿಸುವ ಮುನ್ನ ಅದನ್ನು ಒರೆಸುವ ಒಂದು ಸಾಲು ಸೇರಿಸಿದರೆ ಸಾಕು. ನಾನೇ ಬರೆದು ಈ ಪತ್ರದೊಡನೆ ಕಳಿಸೋಣವೆಂದು ಬೆಳಗಿನಿಂದ ಕೂತಿದ್ದೆ; ಅಮ್ಮಿಯ ಹೆಸರು ಒರೆಸಲು ಮನಸ್ಸು ಬರಲಿಲ್ಲ.

ಆ ಸಾಲನ್ನು ನೀವೇ ಬರೆಯಿರಿ.

ನಿಮ್ಮ ತಂಗಿ
ಅಬೇದಾ