ಗೋಡೆಯ ಮೇಲಿನ ಅಂಗಿ ತುಂಡು

ಐರನ್ ರಿವರ್, ಮಿಶಿಗನ್
ನವೆಂಬರ್ ೨೪

ಡಾರೆಲ್,

ನೀನು ಚೆನ್ನಾಗಿದ್ದೀಯೆಂದುಕೊಳ್ಳುತ್ತೇನೆ. ನಾವು ಇದ್ದೇವೆ. ನಿನ್ನ ಬಟ್ಟೆಯೆಲ್ಲ ಚರ್ಚಿಗೆ ಕೊಟ್ಟಿದ್ದರೂ ಆ ಕೆಂಪು ಚೌಕಳಿ ಅಂಗಿಯೊಂದು ಉಳಿದಿದ್ದರೆ ಕಳಿಸು ಎಂದು ನೀನು ಬರೆದಿದ್ದೆ. ಉಳಿದಿದೆ, ಆದರೆ ಇಡಿಯಾಗಿಲ್ಲ. ಏಕೆಂದು ಹೇಳುವುದು ನ್ಯಾಯ, ಅದಕ್ಕೇ ಈ ಕಾಗದ.

ನಮ್ಮ ಐಲಾಗೆ ಹನ್ನೆರಡು ತುಂಬಿತು. ಇದು ಅವಳ ಮೊದಲ ಜಿಂಕೆ ಬೇಟೆ. ಬೇಸಿಗೆಯಿಡೀ ನಿನ್ನಪ್ಪ ಹುಲ್ಲಿನ ಪಿಂಡಿಗೆ ಕಾಗದದ ತಟ್ಟೆ ಸಿಕ್ಕಿಸಿ ಗುರಿ ಕಲಿಸಿದರು. "ಖಾಲಿ ಬಂದೂಕು ಅಂತ ಯಾವ್ದೂ ಇಲ್ಲ ಕಣೇ. ಗುರಿ ನೋಡಿದ್ರೆ ಸಾಲ್ದು, ಅದರ ಹಿಂದೆ ಏನಿದೆ ಅದನ್ನೂ ನೋಡು." ದಿನಾ ಇದೇ ಮಂತ್ರ. ನಿನಗೂ ಇದನ್ನೇ ಹೇಳಿದ್ದರಂತೆ.

ಅವಳ ಕೈ ನಿನ್ನದಕ್ಕಿಂತ ಗಟ್ಟಿ. ಆಗಸ್ಟ್ ಹೊತ್ತಿಗೆ ತೂತೆಲ್ಲ ತಟ್ಟೆಯ ನಡುವೆಯೇ. ಮಾವ ಊರಿಗೆಲ್ಲ ಹೇಳಿಕೊಂಡು ಬಂದರು. ನನಗೂ ಹೆಮ್ಮೆಯಾಗಬೇಕಿತ್ತು. ನೀನು ಹೋದಮೇಲೆ ನನಗೆ ಅಂಥದ್ದೇನೂ ಆಗುವುದಿಲ್ಲ. ಪಾತ್ರೆ ತೊಳೆದೆ.

ಬೇಟೆ ಗುಡಿಸಲಿನ ಗೋಡೆ ನೆನಪಿರಬೇಕು. ಗುರಿ ತಪ್ಪಿದವರ ಅಂಗಿಯ ಅಂಚು ಕತ್ತರಿಸಿ, ಹೆಸರು ಬರೆದು ಮೊಳೆ ಹೊಡೆಯುವ ಗೋಡೆ. ನಿನ್ನ ನೀಲಿ ತುಂಡು ಈಗ ಅಲ್ಲಿಲ್ಲ. ನೀನು ಮನೆ ಬಿಟ್ಟ ಚಳಿಗಾಲ ಮಾವ ಅದನ್ನು ಕಿತ್ತು ಒಲೆಗೆ ಹಾಕಿದರು. "ಮನೆ ಬ್ಯಾಡ ಅಂದವನಿಗೆ ಗೋಡೆ ಯಾಕೆ?" ಅಂದರು. ಐಲಾ ನೋಡುತ್ತಿದ್ದಳು. ನಾನೂ ಇದ್ದೆ, ತಡೆಯಲಿಲ್ಲ.

ಬೇಟೆಯ ದಿನ ಅವಳು ಕಿತ್ತಳೆ ಜಾಕೀಟಿನೊಳಗೆ ನಿನ್ನ ಕೆಂಪು ಅಂಗಿ ತೊಟ್ಟು ಹೋದಳು. ಮಾವ ನೋಡಿಯೂ ನೋಡದವರಂತೆ ಇದ್ದರು. ಬೆಳಕು ಹರಿದ ಮೇಲೆ ಗಂಡು ಜಿಂಕೆಯೊಂದು ಕಲ್ಲೆಸೆತದ ದೂರದಲ್ಲಿ ಬಂದು ಅಡ್ಡ ನಿಂತಿತಂತೆ. ಇವಳು ಹೊಡೆದಳು. ಜಿಂಕೆ ಓಡಿತು.

ಗಾಯವಾಗಿದ್ದರೆ ಹಾಗೇ ಬಿಡುವಂತಿಲ್ಲವಲ್ಲ, ಮಾವ ಹೋಗಿ ರಕ್ತ ಹುಡುಕಿದರು. ಒಂದು ಹನಿಯೂ ಇಲ್ಲ. ಜಿಂಕೆ ನಿಂತಿದ್ದ ಜಾಗದಿಂದ ಎಷ್ಟೋ ಪಕ್ಕಕ್ಕೆ, ದಿಬ್ಬಕ್ಕೆ ಆತುಕೊಂಡಿದ್ದ ಮರದ ಬೊಡ್ಡೆಯ ಗಂಟಿನ ನಟ್ಟನಡುವೆ ಗುಂಡು ಕೂತಿತ್ತು.

ನಾನು ಊಟ ತೆಗೆದುಕೊಂಡು ಗುಡಿಸಲಿಗೆ ಹೋದಾಗ ಅವಳು ಕತ್ತರಿ ಹಿಡಿದು ಅಜ್ಜನ ಮುಂದೆ ನಿಂತಿದ್ದಳು.

"ತಪ್ಪೋಯ್ತು ಅಜ್ಜ, ಕತ್ತರಿಸು."

"ನಿಂದೇ ಬೇರೆ ಅಂಗಿ ತಾರೇ, ಕತ್ತರಿಸ್ತೀನಿ."

"ತೊಟ್ಟಿರೋದನ್ನೇ ಕತ್ತರಿಸ್ಬೇಕು ಅಂತ ನೀನೇ ಹೇಳಿದ್ದು."

"ಆ ಮರದ ಗಂಟು ನಿಂಗೇನು ಮಾಡಿತ್ತೇ?"

"ಹಿಂದೆ ಏನಿದೆ ನೋಡು ಅಂತ ಹೇಳ್ಕೊಟ್ಟಿದ್ಯಲ್ಲ. ದಿಬ್ಬ ಇತ್ತು, ನೋಡ್ಕೊಂಡೇ ಹೊಡ್ದೆ."

ಮಾವ ಕತ್ತರಿ ತೆಗೆದುಕೊಂಡರು. ಕತ್ತರಿಸಿದರು. ನಿನ್ನ ತುಂಡಿದ್ದ ಹಳೇ ಮೊಳೆಗೇ ಸಿಕ್ಕಿಸಿದರು. ಹೆಸರು ಅವಳೇ ಬರೆದಳು: "ಐಲಾ, ಡಾರೆಲನ ಮಗಳು." ಮಾವ ಹೊರಗೆ ಹೋಗಿ ಬೇಕಿಲ್ಲದ ಸೌದೆ ಒಡೆಯುತ್ತಾ ನಿಂತರು. ನನಗೆ ಅಳು ಬರಲಿಲ್ಲ. ಕಾಫಿಗೆ ನೀರಿಟ್ಟೆ.

ನಿನ್ನ ಹೆಸರು ಗೋಡೆಗೆ ವಾಪಸು ಬಂದಿದೆ. ಅದು ನಿನಗೆ ಗೊತ್ತಿರಲಿ ಎಂದಷ್ಟೇ ಬರೆದೆ.

ಇತಿ,
ಮಾರ್ಲಿಸ್

ಮರೆತಿದ್ದೆ: ಅಂಗಿ ಎಲ್ಲಿ ಸಿಕ್ಕಿತೆಂದು ಮಾವ ಕೇಳಿದ್ದಕ್ಕೆ ಐಲಾ ಅಟ್ಟದ ಪೆಟ್ಟಿಗೆಯಲ್ಲಿ ಎಂದಳು. ಸುಳ್ಳು. ನನ್ನ ದಿಂಬಿನ ಚೀಲದೊಳಗಿಂದ ತೆಗೆದಿದ್ದಳು. ಅಂಚಿಲ್ಲದ ಅಂಗಿಯನ್ನು ಮಡಿಸಿ ಮತ್ತೆ ಅಲ್ಲೇ ಇಟ್ಟಿದ್ದಾಳೆ. ಅದನ್ನು ಅಂಚೆಗೆ ಹಾಕಲು ನನ್ನಿಂದಾಗದು. ಬೇಕಿದ್ದರೆ ನೀನೇ ಬಂದು ತೆಗೆದುಕೋ.