ಕಿಮ್ಚಿ ಜಾಡಿಯ ಮುಳ್ಳುತಾವರೆ

ಕೆರೆ ಅಭಿವೃದ್ಧಿ ಅಧಿಕಾರಿ ನಾಮ್‌ಗುಂಗ್ ಅವರಿಗೆ,

ಕೆರೆಯ ಹೂಳು ಊರಿಗೇ ಎಂದಿರಿ, ಲಾರಿಯಲ್ಲಿ ಊರಾಚೆ ಸಾಗಿಸಿದಿರಿ. ಕೆರೆಯ ಮುಳ್ಳುತಾವರೆ ಉಳಿಸುತ್ತೇವೆ ಎಂದಿರಿ. ಈಗ, ಅದು ಸತ್ತು ಮೂವತ್ತು ವರ್ಷವಾಯಿತು, ತಳಕ್ಕೆ ಕಾಂಕ್ರೀಟ್ ಹಾಕಿ ವಿದೇಶಿ ನೈದಿಲೆಯ ಕುಂಡ ಇಡುತ್ತೇವೆ ಎನ್ನುತ್ತೀರಿ.

ಅದು ಸತ್ತಿಲ್ಲ.

ಲಾರಿ ಹೊರಡುವ ಮೊದಲು ನನ್ನ ಅತ್ತೆ ಒಂದು ಬುಟ್ಟಿ ಹೂಳು ತಂದು, ಕೋಸಿನ ಕಿಮ್ಚಿ ಹುಳಿಬರಿಸುವ ಅಂಗಳದ ಖಾಲಿ ಜಾಡಿಗೆ ತುಂಬಿ ನೀರು ಹೊಯ್ದಿದ್ದರು.

"ಏನಜ್ಜಿ, ಈ ಸಲ ಕೆಸರಿಂದೇ ಕಿಮ್ಚಿನಾ?" ಎಂದು ಪಕ್ಕದ ಮನೆಯ ಪ್ಯೋ ನಕ್ಕಿದ್ದಳು.

"ಹೂಂ ಕಣೇ, ಮೊದಲ್ನೇ ತುತ್ತು ನಿಂಗೇ."

ನಿನ್ನೆ ಬೆಳಿಗ್ಗೆ, ಜಾಡಿಯ ಬಾಯಿ ತುಂಬ ಹರಡಿದ್ದ ಮುಳ್ಳೆಲೆಯನ್ನು ಕೆಳಗಿನಿಂದ ತಿವಿದು ಸೀಳಿಕೊಂಡು ನೇರಳೆ ಹೂವೊಂದು ಮೇಲೆದ್ದಿತು. ತನ್ನದೇ ಎಲೆಯನ್ನು ಹರಿದು ಬಂದ ಹೂವು! ನಕ್ಕಿದ್ದ ಪ್ಯೋ ಸೊಂಟ ಬಗ್ಗಿಸಿ ಅದಕ್ಕೆ ವಂದಿಸಿದಳು. ಅಷ್ಟು ವರ್ಷ ಕತ್ತಲಲ್ಲಿ ಕಾದ ಬೀಜ ಅದು.

ಕೆರೆಯ ತಳದಲ್ಲಿ ಉಳಿದ ಕೆಸರಲ್ಲಿ ಇನ್ನೆಷ್ಟು ಬೀಜ ಕಾಯುತ್ತಿವೆಯೋ. ಶುಕ್ರವಾರ ಕಾಂಕ್ರೀಟ್ ಬಂದರೆ ನಾವು ಹೆಂಗಸರೆಲ್ಲ ಆ ಕೆಸರಲ್ಲೇ ಕೂತಿರುತ್ತೇವೆ. ಅದಕ್ಕೆ ಮೊದಲು ಬಂದು ನೋಡಿ. ರಬ್ಬರ್ ಬೂಟು ತನ್ನಿ. ಸಂಜೆಗೆ ಹೂ ಮುಚ್ಚಿಕೊಳ್ಳುತ್ತದೆ, ತಡಮಾಡಬೇಡಿ.

ಸಭೆ ನಿಮ್ಮ ಕಚೇರಿಯಲ್ಲಲ್ಲ, ಜಾಡಿಯ ಪಕ್ಕದಲ್ಲಿ.

ಊರ ಹೆಂಗಸರ ಪರವಾಗಿ,
ಬಾಂಗ್ ಮಲ್‌ಸುಕ್

ಸಭೆಯ ಹೊತ್ತು: ಗುರುವಾರ, ಬೆಳಿಗ್ಗೆ ಒಂಬತ್ತು ಗಂಟೆ.