ಕೈಗೆ ಬಂದ ನಾಲ್ಕು ರಾಜರು

ಬೇಕರಿಯ ಹಿಂದಿನ ಕೋಣೆ
ನವೆಂಬರ್ ೧೨, ಭಾನುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ನಿನ್ನ ಬೆನ್ನುನೋವು ಹೇಗಿದೆ? ಬಿಸಿನೀರಿನ ಚೀಲ ನಿಜವಾಗಿ ಇಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ನನಗೆ ಬರೆಯುವುದಕ್ಕಷ್ಟೇ ಇಟ್ಟುಕೊಳ್ಳುತ್ತೀಯೋ? ಇಲ್ಲಿ ಎಲ್ಲರೂ ಸೌಖ್ಯ. ನನಗೆ ಮಾತ್ರ ವಿಪರೀತ ದಣಿವು. ಎಡ ಮಣಿಕಟ್ಟು ಮುರಿದುಕೊಂಡು ಕುರ್ಚಿ ಹಿಡಿದ ಮೇಲೆ, ಇಷ್ಟು ವರ್ಷ ಬಿಟ್ಟ ಬೆಳಗಿನ ನಿದ್ದೆಯೆಲ್ಲ ಒಟ್ಟಿಗೆ ಬಂದು ಮೈಮೇಲೆ ಬಿದ್ದಂತಿದೆ. ಒಲೆ ಈಗ ಸೊಸೆಯ ಕೈಯಲ್ಲಿದೆ. ಕೈ ಸರಿಹೋದ ಮೇಲೆ ಅದರ ಮುಂದೆ ಯಾರು ನಿಲ್ಲುವುದು ಎಂದು ಕೇಳಿದ್ದೀಯಲ್ಲ, ಆ ಮಾತನ್ನು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅವಳು ಬಾಯಿಬಿಟ್ಟು ಕೇಳುವವಳಲ್ಲ, ನಾನು ಬಿಟ್ಟುಕೊಡುವವಳಲ್ಲ. ಇರುವುದು ಒಂದೇ ಒಲೆ. ಇಬ್ಬರು ನಿಂತರೆ ಮೊಣಕೈ ತಾಗುತ್ತದೆ.

ಹೊತ್ತು ಹೋಗಲಿ ಎಂದು ನೀನು ಕಳಿಸಿದ ಇಸ್ಪೀಟು ಕಟ್ಟು, ಒಮಾಹಾ ಪೋಕರ್ ಆಟದ ನಿಯಮ ಎರಡೂ ತಲುಪಿದವು. ಅಂಗಡಿ ಬಾಗಿಲು ಹಾಕಿದ ಮೇಲೆ ನಾನು, ಸೊಸೆ, ಎದುರುಮನೆಯ ನಿವೃತ್ತ ಬಸ್ ಡ್ರೈವರು ಕೂರುತ್ತೇವೆ. ಒಬ್ಬೊಬ್ಬರ ಕೈಗೆ ನಾಲ್ಕು ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿ ಐದು. ಪಣಕ್ಕೆ ಮುರಿದ ಬಿಸ್ಕತ್ತು. ಡ್ರೈವರು ಗೆದ್ದದ್ದನ್ನೆಲ್ಲ ಅಲ್ಲೇ ತಿಂದುಬಿಡುವುದರಿಂದ ಅವರ ಹತ್ತಿರ ಯಾವಾಗಲೂ ಬಂಡವಾಳವಿಲ್ಲ. ಮೊದಲ ವಾರವೇ ನನ್ನ ಕೈಗೆ ನಾಲ್ಕಕ್ಕೆ ನಾಲ್ಕೂ ರಾಜರು ಬಂದರು ನೋಡು! ಇದ್ದ ಬಿಸ್ಕತ್ತೆಲ್ಲ ಮುಂದಕ್ಕೆ ತಳ್ಳಿದೆ. ಡ್ರೈವರು ಚಿಲ್ಲರೆ ಎಲೆಗಳ ಎರಡು ಜೊತೆ ತೋರಿಸಿ ಅಷ್ಟನ್ನೂ ಬಾಚಿಕೊಂಡರು. ಜಗಳಕ್ಕೇ ನಿಂತೆ. "ಅಕ್ಕಾವ್ರೇ, ಕೈಯಿಂದ ಎರಡೇ ಎಲೆ, ಮೇಜಿಂದ ಮೂರು. ಉಳಿದ ಇಬ್ರು ರಾಜರಿಗೆ ಟೀ ಕುಡಿಸಿ ಕಳಿಸಿ" ಎಂದರು. ನನ್ನ ಕೈಯಲ್ಲೇ ಎಲ್ಲರೂ ಕೂತಿದ್ದರೆ ಮೇಜಿಗೆ ಇನ್ನೊಬ್ಬ ರಾಜ ಬರುವುದಾದರೂ ಎಲ್ಲಿಂದ?

ಸೊಸೆ ಬೇಗ ಕಲಿತಳು. ಒಂಬತ್ತು, ಹತ್ತು, ಗುಲಾಮ, ರಾಣಿ ಹೀಗೆ ನಾಲ್ಕೂ ಒಂದಕ್ಕೊಂದು ಹೊಂದಿ ಬಂದರೆ ಆಡಬೇಕಂತೆ. ನಾಲ್ಕು ಎಲೆಯಿದ್ದರೆ ಯಾವ ಕೈಯೂ ಚೆನ್ನಾಗಿಯೇ ಕಾಣುತ್ತದಂತೆ, ಅದಕ್ಕೆ ಮರುಳಾಗಬಾರದಂತೆ. ಮೊನ್ನೆ ನಾನು ಮತ್ತೆ ಸೋತಾಗ, "ಅತ್ತೆ, ಎಂಥ ಎಲೆ ಬಂದ್ರೂ ನೀವು ಕೆಳಗಿಡಲ್ಲ. ಸ್ವಲ್ಪ ಬಿಡೋದು ಕಲೀರಿ" ಎಂದವಳು ಗಕ್ಕನೆ ನಾಲಿಗೆ ಕಚ್ಚಿಕೊಂಡಳು. ಡ್ರೈವರು ಚಾವಣಿ ನೋಡಿದರು. ನಾನು ಎಲೆ ಕಲಸುತ್ತಾ ಕೂತೆ.

ಅವಳು ಹಿಟ್ಟನ್ನು ನನಗಿಂತ ಹೆಚ್ಚು ಹೊತ್ತು ಉಬ್ಬಲು ಬಿಡುತ್ತಾಳೆ. ಬ್ರೆಡ್ಡು ಮಧ್ಯಾಹ್ನದೊಳಗೆ ಖಾಲಿ. ಕದ್ದು ಒಂದು ತುಂಡು ತಿಂದು ನೋಡಿದೆ. ನನ್ನದಕ್ಕಿಂತ ಮೆತ್ತಗಿತ್ತು ಕಣೋ.

ನಿನ್ನ ಹೆಂಡತಿಗೆ ನನ್ನ ನೆನಪು ಹೇಳು. ಮಕ್ಕಳ ತಲೆ ಸವರು, ಆ ಕೈ ಅತ್ತೆಯದು ಅಂದುಕೊಳ್ಳಲಿ.

ನಿನ್ನ
ಅಕ್ಕ

ತಾ.ಕ. (ಮಂಗಳವಾರ): ಲಕೋಟೆ ಅಂಟಿಸುವ ಮುಂಚೆ ಇದಿಷ್ಟು. ನಿನ್ನೆ ಒಬ್ಬಳೇ ಹೋಗಿ ಪ್ಲಾಸ್ಟರ್ ಬಿಚ್ಚಿಸಿಕೊಂಡು ಬಂದೆ. ಮೂಳೆ ಚೆನ್ನಾಗಿ ಕೂಡಿದೆ, ಇನ್ನೊಂದಿಷ್ಟು ದಿನಕ್ಕೆ ಮೊದಲಿನಂತೆ ಹಿಟ್ಟು ನಾದಬಹುದು ಎಂದರು ಡಾಕ್ಟರು. ಮನೆಯಲ್ಲಿ ಮಾತ್ರ, ಇನ್ನು ಹಿಟ್ಟು ಮುಟ್ಟಲೇಬಾರದಂತೆ ಎಂದು ಹೇಳಿದ್ದೇನೆ. ಸೊಸೆ ಒಲೆಯ ಕಡೆ ತಿರುಗಿ ಒಂದೇ ತಟ್ಟೆಯನ್ನು ಬಹಳ ಹೊತ್ತು ಒರೆಸಿದಳು. ಅವಳು ಫೋನ್ ಮಾಡಿ ಕೇಳಿದರೆ ನೀನೂ ಹಾಗೆಯೇ ಹೇಳು.